ಕೆಸರಿನ ಹಾದಿಯ ಸೈಕಲ್ ಶರ್ಯತ್ತು

ಸೈಕಲ್ಲನ್ನು ಏರಿ ಹೋಗುವುದು ಎಲ್ಲರೂ ಬಲ್ಲ ಸಂಗತಿಯು. ಸೈಕಲ್ಲನ್ನೇ ಹೆಗಲ ಮೇಲೆ ಏರಿಸಿಕೊಂಡು ಓಡುವ ಶರ್ಯತ್ತೊಂದುಂಟೆಂದರೆ ನಮ್ಮ ಪಾಲಕರಲ್ಲಿ ಅನೇಕರು ನಗಬಹುದು. ನಾವೂ ಮೊದಲು ನಕ್ಕೆವು. ಆದರೆ ಕಳೆದ ವರ್ಷದ ಮಳೆಗಾಲದ ಕೊನೆಗೆ ನಮ್ಮ ನಾಲ್ವರು ಮಾಜಿ ವಿದ್ಯಾರ್ಥಿನಿಯರು ನರಗುಂದ ಗುಡ್ಡದ ಬುಡದಲ್ಲಿ ಶನಿವಾರ ಮತ್ತು ರವಿವಾರ ಇಂಥ ಶರ್ಯತ್ತಿನಲ್ಲಿ ಒಂದು ತಂಡವಾಗಿ ಇಳಿದರು. ಅಂದಿನಿಂದ ಅನೇಕ ತಾಯಂದಿರು ನಮ್ಮನ್ನು ಕೇಳಿರುವರು: ಇದು ಯಾವ ಆಟವು? ಇದು ಹೆಣ್ಣುಮಕ್ಕಳಿಗೆ ತಕ್ಕುದೋ? ಇದರಿಂದ ಫಲವೇನು? ಈ ಮೂರು ಪ್ರಶ್ನೆಗಳಿಗೆ ಯಥಾಶಕ್ತಿ ಉತ್ತರ ಕೊಡುವುದೇ ಈ ಲೇಖನದ ಉದ್ದೇಶವು.

ಈ ಆಟಕ್ಕೆ ಸೈಕ್ಲೋಕ್ರಾಸ್ ಎಂದು ಹೆಸರು. ಇದು ಫ್ರಾನ್ಸ್ ದೇಶದಲ್ಲಿ ಹುಟ್ಟಿತು. ಚಳಿಗಾಲದಲ್ಲಿ ದೂರದ ಶರ್ಯತ್ತುಗಳು ನಿಂತಾಗ ಸವಾರರು ಮೈ ಬಿಗಿ ಸಡಿಲದಂತೆ ಹೊಲ, ಬೇಲಿ, ಕಾಲುವೆಗಳನ್ನು ದಾಟಿ ಒಂದೂರಿನಿಂದ ಮತ್ತೊಂದೂರಿಗೆ ಹೋಗುತ್ತಿದ್ದರು. 1902ನೆಯ ಇಸವಿಯಲ್ಲಿ ದಾನಿಯೆಲ್ ಗುಸ್ಸೋ ಎಂಬವನ ಯತ್ನದಿಂದ ಫ್ರಾನ್ಸಿನಲ್ಲಿ ಮೊದಲನೆಯ ರಾಷ್ಟ್ರೀಯ ಶರ್ಯತ್ತು ನಡೆಯಿತು. 1910ರಲ್ಲಿ ಫ್ರಾನ್ಸನ್ನು ಸುತ್ತುವ ಮಹಾ ಶರ್ಯತ್ತನ್ನು ಗೆದ್ದ ಒಕ್ತಾವ್ ಲಪೀಜನು ತನ್ನ ಜಯಕ್ಕೆ ಈ ಕೆಸರಿನ ಅಭ್ಯಾಸವೇ ಸಹಾಯವಾಯಿತೆಂದು ಹೇಳಿದ ಮೇಲೆ ಆಟಕ್ಕೆ ಹೆಚ್ಚಿನ ಮಾನ್ಯತೆ ಬಂದಿತು. ಮೊದಲನೆಯ ವಿಶ್ವಸ್ಪರ್ಧೆಯು 1950ರಲ್ಲಿ ಪ್ಯಾರಿಸ್ ನಗರದಲ್ಲಿ ಜರುಗಿತು. ಜಾನ್ ರೋಬಿಕ್ ಎಂಬವನು ಅದನ್ನು ಗೆದ್ದನು.

ಇಲ್ಲಿ ನಮ್ಮ ವಾಚಕಿಯರು ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಸ್ತ್ರೀಯರಿಗಾಗಿ ಈ ವಿಶ್ವಸ್ಪರ್ಧೆಯು ಆರಂಭವಾದದ್ದು 2000ನೆಯ ಇಸವಿಯಲ್ಲಿ, ಅಂದರೆ ಪುರುಷರ ಸ್ಪರ್ಧೆಗಿಂತ ಪೂರಾ ಐವತ್ತು ವರ್ಷ ತಡವಾಗಿ. ತಡವಾದದ್ದು ಶಕ್ತಿ ಸಾಲದ್ದಕ್ಕಲ್ಲ, ಅವಕಾಶ ದೊರೆಯದ್ದಕ್ಕೆ. ಬಾಗಿಲು ತೆರೆದ ಮೇಲೆ ಹಾಲಂಡಿನ ಮರಿಯಾನ್ನೆ ವೋಸ್ ಎಂಬ ಒಬ್ಬಳೇ ಹೆಣ್ಣುಮಗಳು 2006ರಿಂದ 2022ರ ವರೆಗೆ ಎಂಟು ಸಾರೆ ವಿಶ್ವವಿಜೇತೆಯಾದಳು.

ಇನ್ನು ಆಟದ ರೀತಿಯನ್ನು ಹೇಳುವೆವು. ಸವಾರರು ಊರಿಂದೂರಿಗೆ ಹೋಗುವುದಿಲ್ಲ; ಎರಡೂವರೆಯಿಂದ ಮೂರೂವರೆ ಕಿಲೋಮೀಟರು ಉದ್ದದ ಒಂದು ಸುತ್ತನ್ನು ಮತ್ತೆ ಮತ್ತೆ ಸುತ್ತುವರು. ಅದರಲ್ಲಿ ಹುಲ್ಲು, ಮಣ್ಣು, ಮರಳು, ಏರು, ಇಳಿಜಾರು ಎಲ್ಲವೂ ಇರುವವು. ನಡುವೆ ಹೆಚ್ಚೆಂದರೆ 40 ಸೆಂಟಿಮೀಟರು ಎತ್ತರದ ಹಲಗೆಗಳನ್ನು ಅಡ್ಡ ನಿಲ್ಲಿಸಿರುವರು. ಹಲಗೆಯ ಬಳಿಗೆ ಬಂದಾಗ ಬಹುಮಂದಿ ಸವಾರರು ವೇಗವನ್ನು ಕಳೆಯದೆ ಎಡಗಡೆಗೆ ಇಳಿದು, ಸೈಕಲ್ಲನ್ನು ಎತ್ತಿ ದಾಟಿಸಿ, ಓಡುತ್ತಲೇ ಮತ್ತೆ ಏರುವರು. ಎಡಗಡೆಗೇ ಇಳಿಯುವದೇಕೆಂದರೆ ಸರಪಳಿಯೂ ಹಲ್ಲುಗಾಲಿಯೂ ಬಲಗಡೆಗಿರುವವು. ಆ ಮಗ್ಗಲಿಗೆ ಇಳಿದರೆ ಕಾಲಿಗೆ ಗಾಯವಾದೀತು. ಕಡಿದಾದ ಏರು ಬಂದರೆ ಸೈಕಲ್ಲಿನ ನಡುದಂಡವನ್ನು ಬಲಹೆಗಲಿಗೆ ಹಾಕಿಕೊಂಡು ಓಡಬೇಕು. ಹಿರಿಯ ಪುರುಷರ ಶರ್ಯತ್ತು ಸುಮಾರು 60 ನಿಮಿಷ, ಹಿರಿಯ ಸ್ತ್ರೀಯರದು ಸುಮಾರು 50 ನಿಮಿಷ. ಸುತ್ತಿನ ಒಂದು ಗೊತ್ತಾದ ಸ್ಥಳದಲ್ಲಿ ಕೆಸರು ಹಿಡಿದ ಸೈಕಲ್ಲನ್ನು ಕೊಟ್ಟು ತೊಳೆದಿಟ್ಟ ಇನ್ನೊಂದನ್ನು ತೆಗೆದುಕೊಳ್ಳಲು ಅನುಮತಿಯುಂಟು. ಆದ ಕಾರಣ ಸವಾರರಷ್ಟೇ ತೊಳೆಯುವವರೂ ಮುಖ್ಯರು.

ದೊಡ್ಡ ಶರ್ಯತ್ತುಗಳಲ್ಲಿ ಟೈರಿನ ಅಗಲವು 33 ಮಿಲಿಮೀಟರು ಮೀರಲಾಗದು. ಅದರ ಮೈಮೇಲೆ ಮಣ್ಣನ್ನು ಕಚ್ಚುವ ಗುಬ್ಬಿಗಳಿರುವವು. ನಾವು ಟಾರು ರಸ್ತೆಗೆ ಟೈರನ್ನು ಕಲ್ಲಿನಂತೆ ಗಟ್ಟಿಯಾಗಿ ಗಾಳಿ ತುಂಬಿಸುವೆವು. ಇಲ್ಲಿ ಗಾಳಿಯನ್ನು ಕಡಿಮೆ ಮಾಡುವರು. ಹಾಗೆ ಮಾಡಿದರೆ ಟೈರು ಚಪ್ಪಟೆಯಾಗಿ ನೆಲವನ್ನು ಹೆಚ್ಚು ಅಗಲಕ್ಕೆ ಹಿಡಿಯುವದು, ಜಾರುವದು ಕಡಿಮೆಯಾಗುವದು. ಆದರೆ ತೀರ ಇಳಿಸಿದರೆ ಕಲ್ಲಿನ ಪೆಟ್ಟಿಗೆ ಟ್ಯೂಬು ಒಡೆಯುವದು. ಎಷ್ಟು ಇಳಿಸಬೇಕೆಂಬುದನ್ನು ನೆಲವೇ ಕಲಿಸಬೇಕು.

ಈ ಆಟವು ನಮ್ಮ ದೇಶದಲ್ಲಿ ಇನ್ನೂ ಅಪರೂಪವು. ಆದರೆ ಸೈಕಲ್ಲು ನಮ್ಮ ಸೀಮೆಗೆ ಅಪರೂಪವಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗದಗ ಜಿಲ್ಲೆಗಳು ಕರ್ನಾಟಕದ ಸೈಕಲ್ ಪಟುಗಳ ತವರುಮನೆ ಎನ್ನಿಸಿಕೊಂಡಿವೆ. ಒಕ್ಕಲುತನದ ಮನೆಗಳಲ್ಲಿ ಹುಟ್ಟಿ, ಹಳ್ಳಿಯ ಹಾದಿಯಲ್ಲಿ ಸೈಕಲ್ಲು ಹೊಡೆಯಲು ಕಲಿತು, ರಾಷ್ಟ್ರದ ಪದಕಗಳನ್ನು ತಂದ ಹುಡುಗೆಯರು ಈ ಸೀಮೆಯಲ್ಲಿ ಹಲವರಿರುವರು. ಸೈಕ್ಲೋಕ್ರಾಸಿನ ಹತ್ತಿರದ ಬಳಗವಾದ ಗುಡ್ಡಗಾಡು ಸೈಕಲ್ಲಿನ ರಾಷ್ಟ್ರೀಯ ಸ್ಪರ್ಧೆಯು 2022ರ ಫೆಬ್ರವರಿಯಲ್ಲಿ ನಮ್ಮ ಗದಗದಲ್ಲಿಯೇ ನೆರವೇರಿತು. ನಮ್ಮ ಹುಡುಗೆಯರಿಗೆ ಈ ಹುಚ್ಚು ಹಿಡಿದದ್ದು ಆ ಕಾಲದಲ್ಲಿಯೇ.

ಈಗ ಆ ಎರಡು ದಿವಸಗಳ ವೃತ್ತಾಂತವನ್ನು ಕೇಳಿರಿ. ನಾಲ್ವರಲ್ಲಿ ಇಬ್ಬರು ಕಾಲೇಜಿನಲ್ಲಿ ಓದುವವರು, ಒಬ್ಬಳು ದಾದಿಯ ಶಿಕ್ಷಣ ಪಡೆಯುವವಳು, ಒಬ್ಬಳು ಹಳ್ಳಿಯ ಕನ್ನಡ ಶಾಲೆಯ ಶಿಕ್ಷಕಿಯು. ಒಬ್ಬರಿಗೂ ಶರ್ಯತ್ತಿನ ಸೈಕಲ್ಲಿಲ್ಲ. ದಿನಬಳಕೆಯ ಸೈಕಲ್ಲುಗಳಿಂದ ಮಡ್‌ಗಾರ್ಡು, ಕ್ಯಾರಿಯರು, ಬುಟ್ಟಿ ಇವುಗಳನ್ನು ಬಿಚ್ಚಿ ಸಿದ್ಧರಾದರು. ಗೆಳೆಯರೆಲ್ಲ ಸೇರಿ ಎರಡು ಕಿಲೋಮೀಟರಿನಷ್ಟು ಸುತ್ತನ್ನು ಗುರುತಿಸಿದ್ದರು: ಗುಡ್ಡದ ಬುಡದ ಗರಸು, ಒಂದು ಹಳ್ಳ, ಒಂದು ಒಡ್ಡು, ಮಿಕ್ಕದ್ದು ಎರೆಯ ಹೊಲದ ಬಂಡಿಹಾದಿ. ಹುಡುಗೆಯರಿಗೆ 40 ನಿಮಿಷವೆಂದು ಗೊತ್ತುಮಾಡಿದ್ದರು. ಬೇರೆ ಊರುಗಳಿಂದ ಬಂದವರೂ ಸೇರಿ ಹದಿನಾಲ್ವರು ಹುಡುಗೆಯರು ಸಾಲಾಗಿ ನಿಂತರು.

ಶುಕ್ರವಾರ ರಾತ್ರಿ ಮಳೆಯಾಗಿತ್ತು. ನರಗುಂದದ ಎರೆಮಣ್ಣನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಈ ಮಣ್ಣಿನ ಕಣಗಳು ಬಹಳ ನುಣುಪಾದವು. ನೀರು ಕುಡಿದರೆ ಉಬ್ಬಿ ಅಂಟಾಗುವವು, ಒಣಗಿದರೆ ಕುಗ್ಗಿ ನೆಲವು ಬಿರಿಯುವದು. ವಿಲಾಯತಿಯ ಕೆಸರು ನೀರಾಗಿ ಸಿಡಿದು ಹೋದೀತು. ನಮ್ಮ ಎರೆಯು ಗಾಲಿಯನ್ನು ಹಿಡಿದರೆ ಬಿಡುವದಿಲ್ಲ. ಎರಡನೆಯ ಸುತ್ತಿಗೆ ಗಾಲಿಗೂ ಚಿಮಟಿಗೂ ನಡುವೆ ಮಣ್ಣು ಮೆತ್ತಿ, ಗಾಲಿಗಳು ತಿರುಗದಾದವು. ಎಳೆದರೆ ಸೈಕಲ್ಲು ಬರಲೊಲ್ಲದು, ಎತ್ತಿದರೆ ಇಮ್ಮಡಿ ಭಾರ. ಕಾಲೇಜಿನ ಹುಡುಗೆಯೊಬ್ಬಳ ಸರಪಳಿ ಕಡಿಯಿತು. ದಾದಿಯ ಶಿಕ್ಷಣದವಳ ಕಷ್ಟವು ಬೇರೆಯೇ ಆಗಿತ್ತು. 2006-07ರಲ್ಲಿ ಸರಕಾರವು ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಹಂಚಲು ತೊಡಗಿತ್ತಷ್ಟೇ. ಮುಂದೆ ನಿಂತುಹೋದ ಆ ಯೋಜನೆಯಲ್ಲಿ ಅವಳಿಗೆ ದೊರೆತ ಸೈಕಲ್ಲು ಅದು. ಹುಡುಗೆಯರ ಸೈಕಲ್ಲಾದುದರಿಂದ ಅದಕ್ಕೆ ನಡುದಂಡವಿಲ್ಲ. ದಂಡವಿಲ್ಲದ ಸೈಕಲ್ಲನ್ನು ಹೆಗಲಿಗೆ ಹಾಕುವುದು ಹೇಗೆ? ಒಡ್ಡಿನ ಮೇಲೆ ಅದನ್ನು ತೊಡೆಯಿಂದ ನೂಕಿ ನೂಕಿ ಕೊನೆಗೆ ಕುಳಿತುಬಿಟ್ಟಳು. ಆ ದಿವಸ ನಮ್ಮವರಲ್ಲಿ ಇಬ್ಬರು ಮುಗಿಸಲಿಲ್ಲ. ಮುಗಿಸಿದ ಇಬ್ಬರೂ ಕೊನೆಯವರು.

ನೋಡಲು ಬಂದವರಲ್ಲಿ ಅವಳ ತಂದೆಯೂ ಇದ್ದರು. ಇವರು ಒಕ್ಕಲಿಗರು, ಮಗಳು ಶರ್ಯತ್ತಿಗೆ ಇಳಿಯುವದು ಅವರಿಗೆ ಮನಸ್ಸಿರಲಿಲ್ಲ. ಊರ ಮಂದಿ ನಗುವರೆಂಬ ಅಂಜಿಕೆ. ಬಿದ್ದು ಕೈಕಾಲು ಮುರಿದರೆ ಮುಂದೆ ಗತಿಯೇನೆಂಬ ಚಿಂತೆ. ನಾವು ಅವರ ಬಳಿಗೆ ಹೋಗಲು ಸಂಕೋಚಪಟ್ಟೆವು. ಇದಕ್ಕೆ ಕಾರಣವನ್ನು ಮುಚ್ಚಿಡಲಾರೆವು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ಇಯತ್ತೆಯ ಹುಡುಗೆಯೊಬ್ಬಳು ಜಿಲ್ಲೆಯ ಸೈಕಲ್ ಶರ್ಯತ್ತಿಗೆ ಹೋಗಲು ನಮ್ಮ ಅಪ್ಪಣೆಯನ್ನು ಬೇಡಿದಾಗ ಇದೇ ಅಂಜಿಕೆಯಿಂದ ನಾವು ಇಲ್ಲವೆಂದಿದ್ದೆವು. ಅವಳು ಮತ್ತೆ ಕೇಳಲಿಲ್ಲ. ಮರುವರ್ಷ ಶಾಲೆಯನ್ನೇ ಬಿಟ್ಟಳು. ಬಿಡಲು ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಅವಳ ಮುಖವು ನಮ್ಮ ನೆನಪಿನಿಂದ ಹೋಗಿಲ್ಲ.

ಸಂಜೆಗೆ ಹುಡುಗೆಯರು ಶಾಲೆಯ ಬಾವಿಯ ಬಳಿಯಲ್ಲಿ ಸೈಕಲ್ಲುಗಳನ್ನು ತೊಳೆಯುತ್ತಿದ್ದರು. ಹಳೆಯ ಹಲ್ಲುಜ್ಜುವ ಬ್ರಶ್ಶು, ಒಂದು ಬಟ್ಟಲು ಸೀಮೆಎಣ್ಣೆ, ಮಣ್ಣು ಕೆರೆಯಲು ಒಂದು ಕುರುಪಿ. ಯಾರೂ ಮಾತಾಡುತ್ತಿರಲಿಲ್ಲ. ಆಗ ಆ ತಂದೆಯು ಬಂದು ಬಹಳ ಹೊತ್ತು ನಿಂತು ನೋಡಿ, ನಮ್ಮ ಕಡೆಗೆ ತಿರುಗಿ ಹೀಗೆಂದರು: "ಹಸಿ ಎರಿಯೊಳಗ ನಾವು ಎತ್ತು ಸುದ್ದಾ ಇಳಸೂದಿಲ್ರಿ ಅಕ್ಕೋರ. ನಡುಹಾದಿ ಬಿಟ್ಟು ಬದುವಿನ ಹುಲ್ಲು ಹಿಡದು ಹೋಗಬೇಕ್ರಿ. ಹುಲ್ಲಿನ ಬೇರು ಮಣ್ಣ ಹಿಡದಿರತೈತಿ." ಅಷ್ಟು ಹೇಳಿ ಮನೆಗೆ ಹೋದವರು, ರಾತ್ರಿ ತಮ್ಮ ಮಗನ ದಂಡವುಳ್ಳ ಸೈಕಲ್ಲನ್ನು ತಂದು ಗೋಡೆಗೆ ಆನಿಸಿಟ್ಟು ಹೋದರು. ಮಗಳಿಗೆ ಏನನ್ನೂ ಹೇಳಲಿಲ್ಲ. ಹೇಳುವ ಅವಶ್ಯವೂ ಇರಲಿಲ್ಲ.

ರವಿವಾರ ಬೆಳಗಿನ ಆರಾಧನೆ ಮುಗಿದ ಮೇಲೆ ನಾಲ್ವರೂ ಸುತ್ತನ್ನು ಕಾಲ್ನಡಿಗೆಯಿಂದ ನೋಡಿದರು. ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲಿ ಹುಲ್ಲಿದೆ, ಎಲ್ಲಿ ಮೊದಲೇ ಹೆಗಲಿಗೆ ಹಾಕುವುದು ಲೇಸು ಎಂದು ಗೊತ್ತುಮಾಡಿಕೊಂಡರು. ಟೈರಿನ ಗಾಳಿಯನ್ನು ತುಸು ಇಳಿಸಿದರು. ಬಿಸಿಲಿಗೆ ನೆಲವೂ ಅರೆ ಒಣಗಿತ್ತು. ಮಧ್ಯಾಹ್ನದ ಶರ್ಯತ್ತಿನಲ್ಲಿ ಮಿಕ್ಕವರು ನಡುಹಾದಿಯಲ್ಲಿ ಸಿಕ್ಕಿಬೀಳುವಾಗ ನಮ್ಮವರು ಬದುವನ್ನು ಹಿಡಿದು ಹೋದರು. ಶಿಕ್ಷಕಿಯು ಹಳ್ಳದಲ್ಲಿ ಬಿದ್ದು ಮೊಣಕೈ ತರಚಿಕೊಂಡಳು. ಎದ್ದು ಮುಂದೆ ಸಾಗಿದಳು. ಹಿಂದಿನ ದಿವಸ ಕುಳಿತುಬಿಟ್ಟವಳು ಅಣ್ಣನ ಸೈಕಲ್ಲನ್ನು ಹೆಗಲಿಗೆ ಹಾಕಿ ಒಡ್ಡನ್ನು ಪ್ರತಿ ಸುತ್ತಿಗೂ ಏರಿದಳು ಮತ್ತು ಹದಿನಾಲ್ವರಲ್ಲಿ ಆರನೆಯವಳಾದಳು. ನಾಲ್ವರೂ ಮುಗಿಸಿದರು. ಬಹುಮಾನವು ಒಬ್ಬರಿಗೂ ಬರಲಿಲ್ಲ. ಮನೆಗೆ ಹೋಗುವಾಗ ಅವರ ಮಾತು ಮಾತ್ರ ಗುಡ್ಡದ ತನಕ ಕೇಳಿಸುವಂತಿತ್ತು.

ಇದು ಹೆಣ್ಣುಮಕ್ಕಳಿಗೆ ತಕ್ಕುದೋ ಎಂಬ ಪ್ರಶ್ನೆಗೆ ಹಳೆಯ ದೃಷ್ಟಾಂತವೊಂದುಂಟು. ಪಾನನಿರೋಧಕ್ಕಾಗಿ ದುಡಿದ ಅಮೇರಿಕದ ಫ್ರಾನ್ಸಿಸ್ ವಿಲ್ಲರ್ಡ್ ಬಾಯಿಯವರು ತಮ್ಮ 53ನೆಯ ವಯಸ್ಸಿನಲ್ಲಿ ಸೈಕಲ್ಲು ಕಲಿತು, 1895ರಲ್ಲಿ ಆ ಕುರಿತು ಒಂದು ಪುಸ್ತಕವನ್ನೇ ಬರೆದರು. ಅವರಿಗೆ ಆ ವಯಸ್ಸಿನಲ್ಲಿ ಸಲ್ಲುವುದು ನಮ್ಮ ಮಕ್ಕಳಿಗೆ ಇಪ್ಪತ್ತರಲ್ಲಿ ಏಕೆ ಸಲ್ಲಬಾರದು?

ಫಲವೇನೆಂದರೆ, ಈ ಆಟದಲ್ಲಿ ಇಳಿದು ನಡೆಯುವುದು ಸೋಲಲ್ಲ. ಎಲ್ಲಿ ಏರಿ ಹೋಗಲಾಗದೋ ಅಲ್ಲಿ ಇಳಿದು, ಭಾರವನ್ನು ಹೊತ್ತು, ಮುಂದೆ ಸಿಕ್ಕ ಗಟ್ಟಿ ನೆಲದಲ್ಲಿ ಮತ್ತೆ ಏರುವುದೇ ಇದರ ನಿಯಮವು. ತಂಡದ ನಾಲ್ವರೂ ಸುತ್ತಿನಲ್ಲಿ ಒಂಟಿಯಾಗಿಯೇ ಓಡಬೇಕು. ಆದರೆ ಹಾದಿಯನ್ನು ನೋಡುವುದೂ ಸೈಕಲ್ಲನ್ನು ತೊಳೆಯುವುದೂ ಕೂಡಿಯೇ ಆಗಬೇಕು.

ಪಾಲಕರಲ್ಲಿ ನಮ್ಮ ವಿನಂತಿಯು ಚಿಕ್ಕದು. ಮಗಳು ಕೇಳಿದರೆ ಕೂಡಲೇ ಇಲ್ಲವೆನ್ನಬೇಡಿರಿ. ತಲೆಗೆ ಶಿರಸ್ತ್ರಾಣವಿದೆಯೋ, ಬ್ರೇಕು ಹಿಡಿಯುವದೋ, ಹಾದಿಯನ್ನು ಹಿರಿಯರು ನೋಡಿರುವರೋ ಎಂದು ವಿಚಾರಿಸಿರಿ. ಉಡುಪು ಸರಪಳಿಗೆ ಸಿಕ್ಕದಂತಿರಲಿ. ಮನೆಯಲ್ಲಿ ದಂಡವುಳ್ಳ ಸೈಕಲ್ಲಿದ್ದರೆ ಅದು ಅಣ್ಣನದೇ ಎಂದು ಕಟ್ಟಿಡಬೇಡಿರಿ.

ಶಾಲೆ ಬಿಟ್ಟ ಆ ಹುಡುಗೆಯ ಕಣ್ಣಿಗೆ ಈ ಪುಟವು ಬಿದ್ದರೆ ಅವಳಿಗೂ ಒಂದು ಮಾತು. ಈ ವರ್ಷವೂ ಮಳೆ ನಿಂತ ಮೇಲೆ ಗುಡ್ಡದ ಬುಡದಲ್ಲಿ ಸುತ್ತನ್ನು ಗುರುತಿಸುವರು. ತಾಯೀ, ಅಂದು ನಾವು ಇಲ್ಲವೆಂದದ್ದು ತಪ್ಪಾಯಿತು. ನೀನು ಬಂದರೆ ನಿನ್ನ ಸೈಕಲ್ಲನ್ನು ನಾವೇ ತೊಳೆದುಕೊಡುವೆವು.