ಗುಂಪಿನೊಳಗೆ ನಿಂತಾಗ ನಮ್ಮ ಬುದ್ಧಿ

ಗರಿಗಳ ಭಾನುವಾರ ನಮ್ಮ ದೇವಾಲಯಗಳಲ್ಲಿ ಯೇಸುಸ್ವಾಮಿಯ ಯಾತನೆಯ ಕಥನವನ್ನು ಪಾತ್ರ ಹಂಚಿಕೊಂಡು ಓದುವಾಗ, ಜನಸಮೂಹದ ಮಾತು ಸಾಮಾನ್ಯವಾಗಿ ಭಕ್ತಾದಿಗಳ ಪಾಲಿಗೆ ಬರುತ್ತದೆ. ಕೈಯಲ್ಲಿ ಆಶೀರ್ವದಿಸಿದ ಗರಿ, ಬಾಯಲ್ಲಿ ಆತನನ್ನು ಶಿಲುಬೆಗೇರಿಸಬೇಕೆಂಬ ಕೂಗು! ಧರ್ಮೋಪದೇಶದ ಮಕ್ಕಳು ಕೇಳುವುದುಂಟು: ಭಾನುವಾರ ಜಯಕಾರ ಹಾಕಿದವರೇ ಶುಕ್ರವಾರ ಹೀಗೆ ಕೂಗಿದರೇ? ಎರಡೂ ಒಂದೇ ಗುಂಪೆಂದು ಶುಭಸಂದೇಶ ಹೇಳುವುದಿಲ್ಲ. ಆದರೆ ಸಂತ ಮಾರ್ಕ ಒಂದು ಸಂಗತಿಯನ್ನು ತಿಳಿಸುತ್ತಾನೆ. ಬರಬ್ಬನನ್ನೇ ಬಿಡಿಸಿಕೊಳ್ಳುವಂತೆ ಮುಖ್ಯಯಾಜಕರು ಜನರನ್ನು ಎತ್ತಿಕಟ್ಟಿದರು. ಪಿಲಾತನು ಜನರನ್ನು ಮೆಚ್ಚಿಸಲು ಒಪ್ಪಿಕೊಂಡನು. ಕೆಲವರು ಶುರುಮಾಡಿದರು, ಉಳಿದವರು ದನಿಗೂಡಿಸಿದರು, ಅಧಿಕಾರದಲ್ಲಿದ್ದವನು ದನಿ ಜೋರಾಗಿದ್ದ ಕಡೆಗೆ ವಾಲಿದನು.

ಇದು ಎಂದೋ ಜೆರುಸಲೇಮಿನಲ್ಲಿ ಆದದ್ದು ಎಂದು ಸುಮ್ಮನಿರಲು ನಮ್ಮ ಜಿಲ್ಲೆಯವರಿಗೆ ಸಾಧ್ಯವಿಲ್ಲ. 2018ರ ಜುಲೈ 13, ಶುಕ್ರವಾರ. ಹೈದರಾಬಾದಿನಿಂದ ಕೆಲವು ಯುವಕರು ಗೆಳೆಯನೊಬ್ಬನನ್ನು ಕಾಣಲು ಔರಾದ ತಾಲ್ಲೂಕಿನ ಹಂದಿಕೇರಾ ಕಡೆಗೆ ಕಾರಿನಲ್ಲಿ ಬಂದಿದ್ದರು. ಅವರಲ್ಲೊಬ್ಬ ಕತಾರ್ ದೇಶದವನು. ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟೇ. ಮಕ್ಕಳ ಕಳ್ಳರೆಂಬ ಗುಲ್ಲೆದ್ದಿತು. ಗಾಬರಿಯಿಂದ ಅವರು ಕಾರು ಓಡಿಸಿದರು. ಅವರಿಗಿಂತ ಮುಂಚೆ ಅವರ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಿದ್ದರು. ಕಾರು ತಗ್ಗಿಗೆ ಉರುಳಿತು. ಕಲ್ಲು, ಬಡಿಗೆ ಹಿಡಿದ ಜನ ಮುತ್ತಿಕೊಂಡರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣಬಿಟ್ಟ, ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿದ್ದವು. ಮೊದಲ ದಿನಗಳಲ್ಲೇ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಸೇರಿ ಸುಮಾರು 30 ಮಂದಿಯ ಬಂಧನವಾಯಿತು.

ಅವರೆಲ್ಲ ಕ್ರೂರಿಗಳು ಎಂದುಬಿಡುವುದು ಸುಲಭ. ಆದರೆ ಅಂದು ಬೆಳಿಗ್ಗೆ ಅವರಲ್ಲಿ ಹೆಚ್ಚಿನವರು ನಮ್ಮ ನಿಮ್ಮ ಹಾಗೆ ಹೊಲಕ್ಕೆ, ಅಂಗಡಿಗೆ ಹೋಗಿದ್ದವರೇ ಇರಬೇಕು. ಮಕ್ಕಳ ಬಗ್ಗೆ ಅವರಿಗಿದ್ದ ಭಯ ಸುಳ್ಳಲ್ಲ. ಸುಳ್ಳಾಗಿದ್ದದ್ದು ಸುದ್ದಿ. ಆ ತಿಂಗಳುಗಳಲ್ಲಿ ದೇಶದ ಉದ್ದಗಲಕ್ಕೂ ಒಂದು ವಿಡಿಯೊ ಹರಿದಾಡುತ್ತಿತ್ತು: ಬೈಕಿನಲ್ಲಿ ಬಂದವರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಆ ಬೈಕಿನವರು ಮಗುವನ್ನು ಮರಳಿ ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಕಳಿಸಿದರು. ಮುರ್ಕಿಗೆ ಎರಡು ವಾರ ಮುಂಚೆ, ಜುಲೈ 1ರಂದು, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಇಂಥದೇ ಗುಲ್ಲಿಗೆ ಅಲೆಮಾರಿ ಸಮುದಾಯದ ಐವರು ಬಲಿಯಾಗಿದ್ದರು.

ಇಂಥ ಸುದ್ದಿಯನ್ನು ನಾವೇಕೆ ನಂಬುತ್ತೇವೆ? ಸುದ್ದಿಯನ್ನು ನೋಡಿ ಅಲ್ಲ, ಕಳಿಸಿದವರನ್ನು ನೋಡಿ. ಕಾಕಾ ಕಳಿಸಿದ್ದಾರೆ, ಮಾಸ್ತರು ಕಳಿಸಿದ್ದಾರೆ, ಅವರು ಸುಳ್ಳಾಡುವವರಲ್ಲ. ನಿಜ, ಅವರು ಸುಳ್ಳಾಡುತ್ತಿಲ್ಲ. ತಮಗೆ ಬಂದದ್ದನ್ನು ಕಳಿಸಿದ್ದಾರೆ ಅಷ್ಟೆ. ಸಂಜೆಯ ಹೊತ್ತಿಗೆ ಅದೇ ಮಾತು ಆರು ಕಡೆಯಿಂದ ಬಂದರೆ ಆರು ಸಾಕ್ಷಿ ಸಿಕ್ಕಿತೆಂದು ಮನಸ್ಸು ಲೆಕ್ಕ ಹಾಕುತ್ತದೆ. ಒಂದೇ ಹೊಲದ ತೊಗರಿ ಸಂತೆಯ ಆರು ಅಂಗಡಿಗಳಲ್ಲಿ ಕಂಡರೆ ಆರು ಹೊಲ ಬೆಳೆದಿವೆ ಎಂದಂತಾಯಿತು! ವ್ಯಾಪಾರದಲ್ಲಿ ನಾವು ಹೀಗೆ ಮೋಸಹೋಗುವುದಿಲ್ಲ. ಸುದ್ದಿಯ ವಿಷಯದಲ್ಲಿ ದಿನಾ ಹೋಗುತ್ತೇವೆ. ಇನ್ನು ಭಯವೊಂದು ಒಳಗೆ ಕುಳಿತ ಮೇಲೆ ಕಣ್ಣು ಅದಕ್ಕೆ ಪುರಾವೆ ಹುಡುಕತೊಡಗುತ್ತದೆ. ಚಾಕೊಲೇಟು ಆಮಿಷವಾಗುತ್ತದೆ. ಹೆದರಿ ಓಡಿದ್ದು ತಪ್ಪೊಪ್ಪಿಗೆಯಾಗುತ್ತದೆ.

ಗುಂಪು ಎದುರಿಗೇ ಇದ್ದರಂತೂ ಒತ್ತಡ ಇನ್ನೂ ಹೆಚ್ಚು. 1950ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಸಾಲೊಮನ್ ಆಶ್ ಇದನ್ನು ಪರೀಕ್ಷಿಸಿ ತೋರಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಸಾಲಾಗಿ ಕೂರಿಸಿ ಒಂದು ಗೆರೆ ತೋರಿಸುವುದು. ಪಕ್ಕದ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದೆಂದು ಕೇಳುವುದು. ಚಿಕ್ಕ ಮಗುವೂ ಹೇಳಬಲ್ಲ ಉತ್ತರ. ಆದರೆ ಒಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಬೇಕೆಂದೇ ತಪ್ಪು ಹೇಳಲು ಮೊದಲೇ ತಿಳಿಸಲಾಗಿತ್ತು. ಆ ಒಬ್ಬನ ಸರದಿ ಬಂದಾಗ, ಕಣ್ಣೆದುರಿನ ಗೆರೆಯನ್ನು ಬಿಟ್ಟು ಗುಂಪಿನ ತಪ್ಪನ್ನೇ ಹೇಳಿದ್ದು ಸುಮಾರು ಮೂರರಲ್ಲಿ ಒಂದು ಸಲ. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಹೀಗೆ ಬಾಗಿದರು. ಆಮೇಲೆ ಕೇಳಿದಾಗ ಕೆಲವರು, ತಮ್ಮ ಕಣ್ಣೇ ಸರಿಯಿಲ್ಲವೇನೋ ಅಂದುಕೊಂಡೆವು ಎಂದರು. ಇನ್ನು ಕೆಲವರಿಗೆ ಸರಿ ಉತ್ತರ ಗೊತ್ತಿತ್ತು, ಬೇರೆಯಾಗಿ ಕಾಣಲು ಮನಸ್ಸಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಆ ಪ್ರಯೋಗದ ಇನ್ನೊಂದು ಭಾಗ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಬಾಗುವುದು ಸುಮಾರು ಕಾಲುಭಾಗಕ್ಕೆ ಇಳಿಯಿತು. ಬಹುಮತ ಬೇಕಾಗಿರಲಿಲ್ಲ, ಒಬ್ಬ ಜೊತೆಗಾರ ಸಾಕಿತ್ತು.

ಸುಮ್ಮನೆ ನಿಂತವರ ವಿಷಯವೂ ಇದೆ. 1968ರಲ್ಲಿ ಲಟಾನೆ ಮತ್ತು ಡಾರ್ಲಿ ಎಂಬುವವರು ಒಂದು ಕೋಣೆಗೆ ಹೊಗೆ ಬಿಟ್ಟು ನೋಡಿದರು. ಒಬ್ಬರೇ ಕುಳಿತಿದ್ದಾಗ 100ಕ್ಕೆ 75 ಮಂದಿ ಎದ್ದುಹೋಗಿ ತಿಳಿಸಿದರು. ಏನೂ ಆಗದವರಂತೆ ನಟಿಸುವ ಇಬ್ಬರು ಪಕ್ಕದಲ್ಲಿದ್ದಾಗ ತಿಳಿಸಿದವರು 100ಕ್ಕೆ 10 ಮಾತ್ರ. ಮುರ್ಕಿಯಲ್ಲೂ ಹೊಡೆದವರ ಹಿಂದೆ ನೋಡುತ್ತ ನಿಂತವರಿದ್ದರು, ಮೊಬೈಲಿನಲ್ಲಿ ಚಿತ್ರೀಕರಿಸಿದವರಿದ್ದರು. ಇವರು ಅವರ ಮುಖ ನೋಡಿದರು, ಅವರು ಇವರ ಮುಖ ನೋಡಿದರು.

ಹಾಗೆಂದು ನಮ್ಮ ಜನರ ಸ್ವಭಾವವೇ ಹೀಗೆ ಎಂದರೆ ಅದೂ ತಪ್ಪಾಗುತ್ತದೆ. ಬೀದರ ನಗರದ ಗುರುದ್ವಾರ ನಾನಕ ಝೀರಾಕ್ಕೆ ಹೋದವರು ನೋಡಿರುತ್ತೀರಿ. ಲಂಗರಿನ ಸಾಲಿನಲ್ಲಿ ಕುಳಿತವನ ಊರು, ಜಾತಿ ಯಾರೂ ಕೇಳುವುದಿಲ್ಲ. ಗುರುತಿಲ್ಲದವನ ತಟ್ಟೆಗೂ ರೊಟ್ಟಿ ಬೀಳುತ್ತದೆ. ಅಲ್ಲಿಯೂ ನಾವು ಪಕ್ಕದವರನ್ನು ನೋಡಿಯೇ ನಡೆದುಕೊಳ್ಳುತ್ತೇವೆ. ಭಾಲ್ಕಿಯ ಸಂಗತಿಯೂ ಇದೆ. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂದು ಈ ಕಡೆಯ ಜನ ಈಗಲೂ ನೆನೆಯುತ್ತಾರೆ. ಒಬ್ಬರು ಗಟ್ಟಿಯಾಗಿ ನಿಂತದ್ದರಿಂದ ಎಷ್ಟೋ ಮನೆಯವರಿಗೆ ಮಕ್ಕಳನ್ನು ಕಳಿಸುವ ಧೈರ್ಯ ಬಂದಿರಬೇಕು.

ಮುರ್ಕಿಯ ಘಟನೆಯಾದ ನಾಲ್ಕನೆಯ ದಿನ, ಜುಲೈ 17ರಂದು, ಗುಂಪು ಹತ್ಯೆ ತಡೆಯಲು ಸುಪ್ರೀಂ ಕೋರ್ಟ್ ಸರ್ಕಾರಗಳಿಗೆ ನಿರ್ದೇಶನ ನೀಡಿತು. ಅದೇ ವಾರ ವಾಟ್ಸ್‌ಆ್ಯಪ್ ಸಂಸ್ಥೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೆ ಕಳಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಒಳ್ಳೆಯದೇ. ಆದರೆ ಆ ಐದರಲ್ಲಿ ನಮ್ಮ ಮನೆಯ ಗುಂಪೂ ಒಂದಿರುತ್ತದೆ.

ಕಾರು ಉರುಳಿ ನೂರಾರು ಜನ ಸೇರಿದ ಮೇಲೆ ಒಬ್ಬರ ಮಾತು ನಡೆಯುವುದು ಕಷ್ಟ. ಅಂದು ಪೊಲೀಸರ ಮಾತೇ ನಡೆಯಲಿಲ್ಲ. ಮಾತು ನಡೆಯುವುದು ಅದಕ್ಕಿಂತ ಬಹಳ ಮುಂಚೆ, ಮೊದಲ ಸಂದೇಶ ಬಂದ ಹೊತ್ತಿನಲ್ಲಿ. ಹಿರಿಯರು ಕಳಿಸಿದ್ದನ್ನು ಸುಳ್ಳೆನ್ನಲು ನಮ್ಮ ಮನೆಗಳಲ್ಲಿ ಕಿರಿಯರಿಗೆ ನಾಲಿಗೆ ಏಳುವುದಿಲ್ಲ, ಏಳಬೇಕಾಗಿಯೂ ಇಲ್ಲ. ‘ಕಾಕಾ, ಇದು ಯಾವ ಊರಾಗ ಆಗ್ಯಾದ್ರಿ? ನಿಮಗ ಯಾರು ಕಳಿಸ್ಯಾರ್ರಿ?’ ಎಂದು ಎಲ್ಲರೂ ಓದುವಂತೆ ಗುಂಪಿನಲ್ಲೇ ಕೇಳಿದರಾಯಿತು. ಅದನ್ನು ಓದಿದವರಲ್ಲಿ ಅದೇ ಅನುಮಾನವಿದ್ದೂ ಸುಮ್ಮನಿದ್ದವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಕಾಕಾ ಒಂದೆರಡು ದಿನ ಮುನಿಸಿಕೊಂಡಾರು. ಹಬ್ಬದ ಊಟಕ್ಕೆ ಮನೆಗೆ ಹೋಗಿ ಕರೆದರೆ ಬರುತ್ತಾರೆ.