ತೋಟದ ಲೆಕ್ಕ ಬೇರೆ, ವೈನಿನ ಲೆಕ್ಕ ಬೇರೆ

2023ರಲ್ಲಿ ಸ್ಪೇನ್‌ನ ದ್ರಾಕ್ಷಿ ತೋಟಗಳ ವಿಸ್ತೀರ್ಣ 9.45 ಲಕ್ಷ ಹೆಕ್ಟೇರ್, ಜಗತ್ತಿನಲ್ಲೇ ಹೆಚ್ಚು. ಫ್ರಾನ್ಸ್‌ನದು 7.92 ಲಕ್ಷ, ಇಟಲಿಯದು 7.20 ಲಕ್ಷ. ಅದೇ ವರ್ಷ ತಯಾರಾದ ವೈನ್: ಫ್ರಾನ್ಸ್ 480 ಕೋಟಿ ಲೀಟರ್, ಇಟಲಿ 383 ಕೋಟಿ, ಸ್ಪೇನ್ 283 ಕೋಟಿ. ಹೆಕ್ಟೇರಿಗೆ (ಸುಮಾರು ಎರಡೂವರೆ ಎಕರೆ) ಭಾಗಿಸಿದರೆ ಫ್ರಾನ್ಸ್‌ಗೆ 6,060 ಲೀಟರ್, ಸ್ಪೇನ್‌ಗೆ 3,000 ಲೀಟರ್.

ಈ ಅಂತರಕ್ಕೆ ಮುಖ್ಯ ಕಾರಣ ನೀರು. ಸ್ಪೇನ್‌ನ ತೋಟಗಳಲ್ಲಿ ಸುಮಾರು ಅರ್ಧದಷ್ಟು ಇರುವುದು ಕ್ಯಾಸ್ಟಿಲಾ-ಲಾ ಮಾಂಚಾ ಪ್ರಸ್ಥಭೂಮಿಯಲ್ಲಿ. ಅಲ್ಲಿನ ವಾರ್ಷಿಕ ಮಳೆ 400 ಮಿ.ಮೀ. ಆಸುಪಾಸು, ನಮ್ಮ ವಿಜಯಪುರಕ್ಕಿಂತಲೂ ಕಡಿಮೆ. ಸಾಲಿನಿಂದ ಸಾಲಿಗೆ, ಬಳ್ಳಿಯಿಂದ ಬಳ್ಳಿಗೆ 2.5 ಮೀಟರ್ ಬಿಟ್ಟು ನೆಡುವುದು ಅಲ್ಲಿನ ಹಳೆಯ ಪದ್ಧತಿ. ಹಾಗೆ ನೆಟ್ಟರೆ ಹೆಕ್ಟೇರಿಗೆ ಹಿಡಿಯುವುದು 1,600 ಬಳ್ಳಿ. ಫ್ರಾನ್ಸ್‌ನ ಶಾಂಪೇನ್ ಪ್ರದೇಶದಲ್ಲಿ ಅಷ್ಟೇ ನೆಲದಲ್ಲಿ ಸುಮಾರು 8,000 ಬಳ್ಳಿ ಇರುತ್ತವೆ.

ಚೀನಾದಲ್ಲಿ ತೋಟಕ್ಕೂ ವೈನಿಗೂ ಇರುವ ಅಂತರ ಇನ್ನೂ ದೊಡ್ಡದು: 7.56 ಲಕ್ಷ ಹೆಕ್ಟೇರ್ ತೋಟ, 32 ಕೋಟಿ ಲೀಟರ್ ವೈನ್. ಅಲ್ಲಿನ ಬೆಳೆಯ ಬಹುಪಾಲು ತಿನ್ನುವ ಹಣ್ಣಿಗೂ ಒಣದ್ರಾಕ್ಷಿಗೂ ಹೋಗುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ ಎಂಬ ಲೆಕ್ಕ ವಿಜಯಪುರದ ಬೆಳೆಗಾರರಿಗೆ ಹೊಸದಲ್ಲ.

ಹವಾಮಾನ ಒಂದೇ ವರ್ಷದಲ್ಲಿ ವೈನ್ ತಯಾರಿಸುವ ದೇಶಗಳ ಕ್ರಮವನ್ನು ತಿರುವಿಹಾಕಬಲ್ಲದು. 2024ರಲ್ಲಿ ಫ್ರಾನ್ಸ್‌ನ ಉತ್ಪಾದನೆ 361 ಕೋಟಿ ಲೀಟರ್‌ಗೆ, ಅಂದರೆ ಸುಮಾರು ನಾಲ್ಕನೇ ಒಂದು ಭಾಗದಷ್ಟು ಇಳಿಯಿತು. ಇಬ್ಬನಿ ಹೆಪ್ಪುಗಟ್ಟುವ ಚಳಿ, ಆಲಿಕಲ್ಲು, ಬಿಡದ ಮಳೆ ಮತ್ತು ಡೌನಿ ಎಂಬ ಬೂಜು ರೋಗ ಇದಕ್ಕೆ ಕಾರಣ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವ ಕೆಲಸದ) ನಂತರ ಮಳೆ ಹಿಡಿದರೆ ನಮ್ಮ ರೈತರು ಔಷಧಿ ಸಿಂಪಡಿಸುವುದೂ ಇದೇ ಡೌನಿಗೆ. ಹಿಂದಿನ ವರ್ಷ ಅದೇ ರೋಗದಿಂದ ಕುಸಿದಿದ್ದ ಇಟಲಿ ಶೇ 15ರಷ್ಟು ಚೇತರಿಸಿ 441 ಕೋಟಿ ಲೀಟರ್ ತಲುಪಿತು.

ಬೆಳೆ ಬಂದರೂ ಕೊಯ್ಯದಂತೆ ತಡೆಯುವ ಮಿತಿ ಶಾಂಪೇನ್‌ನಲ್ಲಿದೆ. ಪ್ರತಿ ಹೆಕ್ಟೇರಿನಿಂದ ಎಷ್ಟು ಹಣ್ಣು ಕೊಯ್ಯಬಹುದು ಎಂಬುದು ಪ್ರತಿ ವರ್ಷ ನಿಗದಿಯಾಗುತ್ತದೆ. 2023ರಲ್ಲಿ ಅದು 11,400 ಕೆ.ಜಿ., 2024ರಲ್ಲಿ 10,000, 2025ರಲ್ಲಿ 9,000. ಬಾಟಲಿಗೆ 1.2 ಕೆ.ಜಿ. ಹಣ್ಣು ಬೇಕು; ಹಾಗಾಗಿ ಎರಡೇ ವರ್ಷದಲ್ಲಿ ಹೆಕ್ಟೇರಿನ ಮಿತಿ 9,500 ಬಾಟಲಿಯಿಂದ 7,500ಕ್ಕೆ ಬಂತು. ಮಾರಾಟ ಅದಕ್ಕೂ ಮೊದಲೇ ಇಳಿಯುತ್ತಿತ್ತು: 2022ರಲ್ಲಿ 32.6 ಕೋಟಿ ಬಾಟಲಿ, 2023ರಲ್ಲಿ 29.9 ಕೋಟಿ, 2024ರಲ್ಲಿ 27.1 ಕೋಟಿ.

ಫ್ರಾನ್ಸ್‌ನದೇ ಬೋರ್ಡೊ ಪ್ರದೇಶದಲ್ಲಿ ಮಿತಿಯಷ್ಟೇ ಸಾಲಲಿಲ್ಲ. 9,500 ಹೆಕ್ಟೇರ್ ಬಳ್ಳಿ ಕೀಳಿಸಲು 2023ರಲ್ಲಿ 5.7 ಕೋಟಿ ಯೂರೋಗಳ ಯೋಜನೆ ಬಂತು. ಹೆಕ್ಟೇರಿಗೆ 6,000 ಯೂರೋ. ಆಗಿನ ದರದಂತೆ ಯೂರೋಗೆ 90 ರೂಪಾಯಿ ಹಿಡಿದರೆ 5.4 ಲಕ್ಷ ರೂಪಾಯಿ, ಎಕರೆಗೆ ಸುಮಾರು 2.2 ಲಕ್ಷ. ತಲೆಮಾರುಗಳಿಂದ ಸಾಕಿದ ಬಳ್ಳಿ ಕಿತ್ತು ಈ ಹಣ ಪಡೆಯುವ ರೈತನಿಗೆ ಇದು ಲಾಭವಲ್ಲ, ನಷ್ಟದಿಂದ ಹೊರಬರುವ ದಾರಿ.

2024ರಲ್ಲಿ ಜಗತ್ತು ಕುಡಿದ ವೈನ್ 2,142 ಕೋಟಿ ಲೀಟರ್. 1961ರಿಂದೀಚೆಗೆ ಇಷ್ಟು ಕಡಿಮೆ ಯಾವ ವರ್ಷವೂ ಇರಲಿಲ್ಲ. ಹೊಸದಾಗಿ ವೈನ್ ದ್ರಾಕ್ಷಿ ನೆಡಲು ಹೊರಟವರು ಎಕರೆಯ ಇಳುವರಿಗಿಂತ ಮೊದಲು ನೋಡಬೇಕಾದ ಅಂಕಿ ಇದು.