147 ಡಾಲರಿನ ವಾರ

ಟ್ಯುನೀಷಿಯಾದ ಕಡಲತೀರದ ಊರು ಮೊನಾಸ್ಟಿರ್. ಮಂಗಳವಾರ ಮಧ್ಯಾಹ್ನ. ಕೆಳಹಂತದ ಟೆನಿಸ್ ಟೂರ್ನಿಯ ಮೊದಲ ಸುತ್ತಿನಲ್ಲಿ ಆಟಗಾರ್ತಿಯೊಬ್ಬಳು ಸೋತು ಹೊರಬಂದಳು ಅಂತಿಟ್ಟುಕೊಳ್ಳಿ. ಅವಳಿಗೆ ಸಿಗುವುದು 147 ಡಾಲರ್, ಹನ್ನೆರಡು ಸಾವಿರ ರೂಪಾಯಿಯ ಆಸುಪಾಸು. ತೆರಿಗೆ ಮುರಿದುಕೊಂಡರೆ ಅಷ್ಟೂ ಇಲ್ಲ. ರ‍್ಯಾಂಕಿಂಗ್ ಪಾಯಿಂಟ್ ಸೊನ್ನೆ. ಆದರೂ ಅವಳು ಊರಿಗೆ ಹೊರಡುವುದಿಲ್ಲ. ಮೊನಾಸ್ಟಿರ್‌ನಲ್ಲಿ ವರ್ಷದ ಬಹುತೇಕ ವಾರ ಇಂಥದ್ದೇ ಟೂರ್ನಿ ಇರುತ್ತದೆ. ವಿಮಾನದ ಖರ್ಚು ಒಂದು ಸಲ ಮಾಡಿದರೆ ಮೂರು ನಾಲ್ಕು ವಾರ ಅಲ್ಲೇ ಇದ್ದು ಆಡಬಹುದು. ಈಜಿಪ್ಟಿನ ಶರ್ಮ್ ಎಲ್ ಶೇಖ್‌ಗೆ, ಟರ್ಕಿಯ ಅಂಟಾಲ್ಯಕ್ಕೆ ಆಟಗಾರ್ತಿಯರು ಹೋಗುವುದೂ ಇದೇ ಲೆಕ್ಕದ ಮೇಲೆ. ಮುಂದಿನ ಸೋಮವಾರದವರೆಗೆ ಹೋಟೆಲ್ ಬಾಡಿಗೆ, ಊಟ, ರ‍್ಯಾಕೆಟ್‌ಗೆ ಹೊಸ ಸ್ಟ್ರಿಂಗ್, ಎಲ್ಲವೂ ಅವಳ ಜೇಬಿನಿಂದಲೇ.

ನಾವು ಟಿವಿಯಲ್ಲಿ ನೋಡುವ ಟೆನಿಸ್‌ನ ಕೆಳಗೆ ಇರುವ ಈ ಲೋಕವನ್ನು ನಡೆಸುವುದು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್. ಮಹಿಳೆಯರಿಗೆ ಇಲ್ಲಿ ಐದು ಮೆಟ್ಟಿಲು: ಡಬ್ಲ್ಯು15, ಡಬ್ಲ್ಯು35, ಡಬ್ಲ್ಯು50, ಡಬ್ಲ್ಯು75, ಡಬ್ಲ್ಯು100. 2024ರಿಂದ ಈ ಸಂಖ್ಯೆ ಸಿಂಗಲ್ಸ್ ಗೆದ್ದವಳಿಗೆ ಸಿಗುವ ಪಾಯಿಂಟನ್ನು ಹೇಳುತ್ತದೆ. ಡಬ್ಲ್ಯು15ರಲ್ಲಿ ಒಟ್ಟು ಬಹುಮಾನ 15 ಸಾವಿರ ಡಾಲರ್. ಹಲವು ವರ್ಷಗಳಿಂದ ನಡೆದುಬಂದ ಹಂಚಿಕೆಯ ಪ್ರಕಾರ ಐದು ಪಂದ್ಯ ಸಾಲಾಗಿ ಗೆದ್ದು ಟ್ರೋಫಿ ಎತ್ತಿದವಳಿಗೆ ದಕ್ಕುವುದು 2,352 ಡಾಲರ್. ಗ್ರ್ಯಾನ್‌ ಸ್ಲಾಮ್ ಗೆದ್ದರೆ 2,000 ಪಾಯಿಂಟ್, ಇಲ್ಲಿ ಗೆದ್ದರೆ 15. ಮೆಟ್ಟಿಲು ಎಷ್ಟು ಕಡಿದಾಗಿದೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ರ‍್ಯಾಂಕಿಂಗ್ ಪಟ್ಟಿಗೆ ಹೆಸರು ಬರಬೇಕಾದರೆ ಮೂರು ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಬೇಕು, ಇಲ್ಲವೇ ಒಟ್ಟು ಹತ್ತು ಪಾಯಿಂಟ್ ಇರಬೇಕು. ಗಳಿಸಿದ ಪಾಯಿಂಟಿನ ಆಯಸ್ಸು 52 ವಾರ. ಕಳೆದ ವರ್ಷ ಈ ವಾರ ಗೆದ್ದದ್ದು ಈ ವರ್ಷ ಅದೇ ವಾರ ಕಳಚಿಬೀಳುತ್ತದೆ. ಆಟಗಾರರು ಇದನ್ನು ಪಾಯಿಂಟ್ ಡಿಫೆಂಡ್ ಮಾಡುವುದು ಅನ್ನುತ್ತಾರೆ. ಜ್ವರ ಬಂದು ಮಲಗಿದರೂ ಪಟ್ಟಿ ಕಾಯುವುದಿಲ್ಲ. ಆರು ತಿಂಗಳಿಗೂ ಹೆಚ್ಚು ಗಾಯದಿಂದ ಹೊರಗುಳಿದವರಿಗೆ ಹಳೆಯ ರ‍್ಯಾಂಕಿಂಗ್ ಮೇಲೆ ಕೆಲವು ಟೂರ್ನಿಗಳಿಗೆ ಸೇರುವ ಅವಕಾಶವಿದೆ. ಎರಡು ಮೂರು ತಿಂಗಳ ಸ್ನಾಯು ನೋವಿಗೆ ಅದೂ ಇಲ್ಲ. ನನಗೆ ಅತ್ಯಂತ ಕಠಿಣ ಅನ್ನಿಸುವುದು ಈ ನಿಯಮ. ನೋವು ನುಂಗಿಕೊಂಡು ಆಡುವ ಅಭ್ಯಾಸ ಶುರುವಾಗುವುದೇ ಇಲ್ಲಿಂದ.

ಹೆಸರು ಕೊಡುವುದಕ್ಕೂ ಒಂದು ಜಾಣತನ ಬೇಕು. ಟೂರ್ನಿ ಆರಂಭವಾಗುವ ಸೋಮವಾರಕ್ಕೆ 18 ದಿನ ಮೊದಲು, ಗುರುವಾರದೊಳಗೆ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು. ಒಂದೇ ವಾರ ಹಲವು ಊರುಗಳಿಗೆ ಹೆಸರು ಕೊಟ್ಟು, ಯಾವುದು ಮೊದಲ ಆಯ್ಕೆ, ಯಾವುದು ಎರಡನೆಯದು ಎಂದು ಗುರುತಿಸಿಡಬಹುದು. ಪಟ್ಟಿ ಹೊರಬಿದ್ದ ಮೇಲೆ ಯಾರು ಹಿಂದೆ ಸರಿದರು, ತಾನು ಎಷ್ಟನೆಯವಳು ಎಂದು ದಿನಕ್ಕೆ ಹತ್ತು ಸಲ ಫೋನ್ ನೋಡುವ ಕೆಲಸ. ಮುಖ್ಯ ಸುತ್ತಿಗೆ ಜಾಗ ಖಾತ್ರಿಯಾಗುವ ಹೊತ್ತಿಗೆ ವಿಮಾನದ ಟಿಕೆಟ್ ದರ ಏರಿರುತ್ತದೆ. ಡಬ್ಲ್ಯು15ಕ್ಕೆ ಹೋದರೆ ಗೆಲ್ಲುವ ಅವಕಾಶ ಹೆಚ್ಚು, ಪಾಯಿಂಟ್ ಕಡಿಮೆ. ಡಬ್ಲ್ಯು50ಕ್ಕೆ ಹೋದರೆ ಅರ್ಹತಾ ಸುತ್ತಿನಲ್ಲೇ ಮುಗಿದುಹೋಗಬಹುದು. ಟೂರ್ನಿಯ ಹೆಸರಿನ ಪಕ್ಕದಲ್ಲಿ ‘ಎಚ್’ ಅಕ್ಷರವಿದ್ದರೆ ಸಂಘಟಕರೇ ವಸತಿ ಕೊಡುತ್ತಾರೆ ಎಂದರ್ಥ. ಕೈ ಬಿಗಿಯಿರುವ ಆಟಗಾರ್ತಿಯ ಕಣ್ಣು ಮೊದಲು ಹುಡುಕುವುದು ಆ ಅಕ್ಷರವನ್ನು.

ಹಾಗಾದರೆ ಈ ಆಟದಲ್ಲಿ ಬಹುಮಾನದಿಂದಲೇ ಖರ್ಚು ಹುಟ್ಟುವುದು ಯಾವ ರ‍್ಯಾಂಕಿನವರೆಗೆ? ಐಟಿಎಫ್ ತಾನೇ 2013ರ ಲೆಕ್ಕ ತೆಗೆದು ನೋಡಿತ್ತು. ಪ್ರಯಾಣ, ವಸತಿ, ಊಟ, ಸ್ಟ್ರಿಂಗ್, ಬಟ್ಟೆ ಸೇರಿ ಆಟಗಾರ್ತಿಯೊಬ್ಬಳ ವರ್ಷದ ಸರಾಸರಿ ಖರ್ಚು 40,180 ಡಾಲರ್. ಬಹುಮಾನದಲ್ಲೇ ಅದನ್ನು ತುಂಬಿಕೊಳ್ಳಬೇಕಾದರೆ 253ನೇ ರ‍್ಯಾಂಕಿನ ಸುತ್ತಮುತ್ತ ಇರಬೇಕಿತ್ತು. ಗಮನಿಸಿ, ಆ ಲೆಕ್ಕದಲ್ಲಿ ಕೋಚ್ ಸಂಬಳ ಸೇರಿರಲಿಲ್ಲ. ಜಗತ್ತಿನಲ್ಲಿ ಮುನ್ನೂರನೆಯವಳು ಅಂದರೆ ಸಣ್ಣ ಮಾತೇ? ಬೇರೆ ಯಾವ ವೃತ್ತಿಯಲ್ಲಾದರೂ ಆ ಸ್ಥಾನದವರು ಸುಖವಾಗಿ ಬದುಕುತ್ತಾರೆ. ಇಲ್ಲಿ ಅವಳ ಅಪ್ಪ ಅಮ್ಮ ದುಡ್ಡು ಕಳಿಸುತ್ತಿರಬೇಕು.

ಖರ್ಚು ಹುಟ್ಟುವ ಆ ಗೆರೆ ದಾಟಿ ಮೇಲೆ ಹೋದರೆ ಲೆಕ್ಕ ಪೂರಾ ಬದಲು. ಗ್ರ್ಯಾನ್‌ ಸ್ಲಾಮ್ ಸಿಂಗಲ್ಸ್‌ನ 128 ಜಾಗಗಳಲ್ಲಿ 104 ರ‍್ಯಾಂಕಿಂಗ್ ಮೇಲೆ ನೇರವಾಗಿ ಸಿಗುತ್ತವೆ, 16 ಅರ್ಹತಾ ಸುತ್ತಿನಿಂದ, 8 ಸಂಘಟಕರು ತಾವೇ ಆರಿಸಿ ಕೊಡುವ ವೈಲ್ಡ್ ಕಾರ್ಡ್‌ನಿಂದ. 2024ರ ಅಮೆರಿಕ ಓಪನ್‌ನಲ್ಲಿ ಮುಖ್ಯ ಸುತ್ತಿನ ಮೊದಲ ಪಂದ್ಯ ಸೋತವರಿಗೂ ಒಂದು ಲಕ್ಷ ಡಾಲರ್. ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತರೂ 25 ಸಾವಿರ ಡಾಲರ್. ಅರ್ಹತಾ ಸುತ್ತಿಗೆ ಸೇರಲು ಹೆಚ್ಚುಕಡಿಮೆ ಇನ್ನೂರ ಇಪ್ಪತ್ತು, ಇನ್ನೂರ ಮೂವತ್ತರೊಳಗಿನ ರ‍್ಯಾಂಕ್ ಬೇಕು. ವರ್ಷಕ್ಕೆ ನಾಲ್ಕು ಸಲ ಆ ಬಾಗಿಲು ದಾಟಿದರೆ ಉಳಿದ ವಾರಗಳ ಹೊಟ್ಟೆಪಾಡು ಸಾಗುತ್ತದೆ. ಇವರೆಲ್ಲ ಇಡೀ ವರ್ಷ ಬೆನ್ನಟ್ಟುವುದು ಆ ನಾಲ್ಕು ವಾರಗಳನ್ನು.

ಅಹಮದಾಬಾದಿನಲ್ಲಿ ಹುಟ್ಟಿ ಪುಣೆಯಲ್ಲಿ ಪಳಗಿದ ಅಂಕಿತಾ ರೈನಾ ಅವರ ದಾರಿ ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಮಾರ್ಚ್‌ನಲ್ಲಿ ಅವರು ಸಿಂಗಲ್ಸ್‌ನಲ್ಲಿ 160ನೇ ರ‍್ಯಾಂಕಿಗೆ ಏರಿದರು. ಅದೇ ತಿಂಗಳು ಕೋವಿಡ್‌ನಿಂದ ಇಡೀ ಟೂರ್ ನಿಂತುಹೋಯಿತು. 2021ರ ಜನವರಿಯಲ್ಲಿ ದುಬೈನಲ್ಲಿ ನಡೆದ ಆಸ್ಟ್ರೇಲಿಯನ್ ಓಪನ್ ಅರ್ಹತಾ ಸುತ್ತಿನ ಕೊನೆಯ ಪಂದ್ಯದವರೆಗೂ ಬಂದು ಓಲ್ಗಾ ಡ್ಯಾನಿಲೋವಿಚ್‌ಗೆ ಮೂರು ಸೆಟ್‌ಗಳಲ್ಲಿ ಸೋತರು. ಯಾರಾದರೂ ಹಿಂದೆ ಸರಿದರೆ ಜಾಗ ಸಿಕ್ಕೀತು ಎಂದು ಮೆಲ್ಬರ್ನ್‌ಗೆ ಹೋಗಿ ಕಾದರು. ಸಿಂಗಲ್ಸ್‌ನಲ್ಲಿ ಸಿಗಲಿಲ್ಲ, ಡಬಲ್ಸ್‌ನಲ್ಲಿ ಸಿಕ್ಕಿತು. ಮುಂದಿನ ವಾರವೇ ಅದೇ ಮೆಲ್ಬರ್ನ್‌ನಲ್ಲಿ ರಷ್ಯಾದ ಕಮಿಲ್ಲಾ ರಖಿಮೋವಾ ಜೊತೆ ಫಿಲಿಪ್ ಐಲ್ಯಾಂಡ್ ಟ್ರೋಫಿ ಗೆದ್ದು, ಡಬಲ್ಸ್‌ನ ಮೊದಲ ನೂರರೊಳಗೆ ಬಂದರು.

ಕೆಳಹಂತದಲ್ಲಿ ಡಬಲ್ಸ್‌ಗೆ ಇರುವ ಬೆಲೆಯೇ ಇದು. ಸಿಂಗಲ್ಸ್ ಸೋತ ಮೇಲೂ ಊರು ಬಿಡದಿರಲು ಒಂದು ಕಾರಣ, ಅಭ್ಯಾಸಕ್ಕೊಬ್ಬ ಜೊತೆಗಾರ್ತಿ, ರೂಮ್ ಬಾಡಿಗೆ ಹಂಚಿಕೊಳ್ಳಲು ಒಂದು ಜೀವ. ನಮ್ಮ ದೇಶದಲ್ಲಿ ಇನ್ನೊಂದು ಆಸರೆ ಸಾರ್ವಜನಿಕ ಉದ್ದಿಮೆಗಳ ಕ್ರೀಡಾ ಕೋಟಾ ನೌಕರಿ. ಅಂಕಿತಾ ಅವರಿಗೆ ಒಎನ್‌ಜಿಸಿಯಲ್ಲಿ ಕೆಲಸ. ತಿಂಗಳ ಸಂಬಳ ಬರುವವರು ಮೊದಲ ಸುತ್ತಿನ ಸೋಲಿನಿಂದ ಕಂಗೆಡುವುದಿಲ್ಲ. ಮತ್ತೊಂದು ಆಸರೆ ನಮ್ಮಲ್ಲೇ ನಡೆಯುವ ಟೂರ್ನಿಗಳು. ಬೆಂಗಳೂರಿನ ಕಬ್ಬನ್ ಪಾರ್ಕಿನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಕೋರ್ಟುಗಳಲ್ಲಿ ಐಟಿಎಫ್ ಮಹಿಳಾ ಟೂರ್ನಿ ಬಂದಾಗ ಇಲ್ಲಿನ ಹುಡುಗಿಯರಿಗೆ ವೀಸಾ, ವಿಮಾನ ಎರಡೂ ಉಳಿಯುತ್ತವೆ, ಒಂದೆರಡು ವೈಲ್ಡ್ ಕಾರ್ಡ್ ಕೂಡ ಸಿಗುತ್ತವೆ. 2008ರಲ್ಲಿ ಸೆರೆನಾ ವಿಲಿಯಮ್ಸ್ ಬೆಂಗಳೂರು ಓಪನ್ ಗೆದ್ದದ್ದೂ ಇಲ್ಲೇ. ಅವಕಾಶವಿದ್ದರೆ ಅರ್ಹತಾ ಸುತ್ತಿನ ದಿನ ಹೋಗಿ. ಆಟಗಾರ್ತಿಯೇ ಬಗ್ಗಿ ಚೆಂಡು ಹೆಕ್ಕಿಕೊಂಡು ಬಂದು ಸರ್ವ್ ಮಾಡುವುದು ಕಾಣಬಹುದು.

ಇನ್ನೂ ಒಂದು ದಾರಿ ಅಮೆರಿಕದ ಕಾಲೇಜುಗಳದು. ನಮ್ಮ ದೇಶದ ಆಟಗಾರ್ತಿಯರಾದ ಸಹಜಾ ಯಮಲಪಲ್ಲಿ, ಋತುಜಾ ಭೋಸಲೆ ಇಬ್ಬರೂ ಅಲ್ಲಿ ಓದುತ್ತಲೇ ಕಾಲೇಜು ತಂಡಕ್ಕೆ ಆಡಿದವರು. ಮಗಳ ಆಟಕ್ಕೆ ಮನೆ ಮಾರುವ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರು ಮೊದಲು ಈ ದಾರಿಯನ್ನು ವಿಚಾರಿಸಲಿ ಎಂದು ಕೇಳಿಕೊಳ್ಳುತ್ತೇನೆ. ಸ್ಕಾಲರ್‌ಶಿಪ್, ಕೋಚ್, ಜಿಮ್ ಒಂದೇ ಕಡೆ ಸಿಗುತ್ತವೆ, ಕೈಯಲ್ಲೊಂದು ಪದವಿಯೂ ಇರುತ್ತದೆ. ಹಾಗೆ ಓದಿ ಬಂದ ಋತುಜಾ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಹೋದಾಗ ಸಿಂಗಲ್ಸ್‌ನ ಮೊದಲ ಇನ್ನೂರರ ಹತ್ತಿರವೂ ಇರಲಿಲ್ಲ. ಅಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಜೊತೆ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಮೊದಲ ಸೆಟ್ 2-6ರಿಂದ ಕಳೆದುಕೊಂಡು, ಎರಡನೆಯದನ್ನು 6-3ರಿಂದ ಗೆದ್ದು, ಟೈಬ್ರೇಕ್‌ನಲ್ಲಿ 10-4ರಿಂದ ಚಿನ್ನ ತಂದರು. ಆ ಚಿನ್ನಕ್ಕೆ ರ‍್ಯಾಂಕಿಂಗ್ ಪಾಯಿಂಟ್ ಒಂದೂ ಇರಲಿಲ್ಲ.